ಸಾಲು ಬೆಣೆ

ಉಕ್ಕಲಿ ದಾರಿಯ ನಮ್ಮ ಶಾಲೆಯಲ್ಲಿ
ಹಿಂದಿನ ಕೋಣೆಯ ಕೀಲಿ ನನ್ನ ಸೆರಗಿನ ಗಂಟಿನಲ್ಲಿ.
ಮೊದಲು ಅಲ್ಲಿ ಬಿಸಿಯೂಟದ ಬೇಳೆಯಿತ್ತು, ಹೆಗ್ಗಣವಿತ್ತು.
ಈಗ ನೆಲ ಅಗೆದು, ಸಿಮೆಂಟು ಹಾಕಿ
ಕೂರಿಸಿದ್ದಾರೆ ಒಂದು ಹಸಿರು ಡಬ್ಬಿ.
ಧೂಳು ಒರೆಸಬೇಕು, ದೀಪ ಕೆಂಪಾದರೆ ಫೋನು ಮಾಡಬೇಕು,
ಮಕ್ಕಳು ಹತ್ತಿರ ಕುಣಿಯದಂತೆ ಕಾಯಬೇಕು.
ಡಬ್ಬಿಗೆ ಎಲ್ಲವೂ ಕೇಳುತ್ತದಂತೆ:
ಖಡಿ ಮಶೀನು, ಕಬ್ಬಿನ ಟ್ರ್ಯಾಕ್ಟರು, ನನ್ನ ಹಿಮ್ಮಡಿ.

ತಿಂಗಳಿಗೊಮ್ಮೆ ಬರುತ್ತಾನೆ ಖಾನಾಪುರದ ಇನಾಸ.
ಕರಿ ಹಲಗೆಯ ಮೇಲೆ ಎರಡು ಬಂಡೆ ಬರೆದು ತೋರಿಸಿದ.
ಕರಿಮಣ್ಣಿನ ಕೆಳಗೆ, ಬಾವಿಗಳೂ ಮುಟ್ಟದಷ್ಟು ಕೆಳಗೆ
ಹಳೆಯ ಸೀಳುಗಳಿವೆ. ಎರಡು ಮಗ್ಗುಲೂ
ಒಂದನ್ನೊಂದು ಹಲ್ಲು ಕಚ್ಚಿ ಹಿಡಿದಿವೆ.
ಇಡೀ ನಾಡು ಬಡಗಣಕ್ಕೆ ಒತ್ತುತ್ತಿದೆ,
ವರ್ಷಕ್ಕೆ ಮೂರು ಬೆರಳಗಲ.
ಎದುರಿಗೆ ಹಿಮಾಲಯ. ದಾರಿ ಬಿಡುವುದಿಲ್ಲ.
ಅಲ್ಲಿಯ ಜಗ್ಗಾಟ ಇಲ್ಲಿಯ ಕಲ್ಲಿಗೂ ಬರುತ್ತದೆ.
"ಕಲ್ಲೂ ಬಾಗ್ತದ ಅಕ್ಕಾ, ನಮಗ ಕಾಣೂದಿಲ್ಲ ಅಷ್ಟ."
ತಲೆಯಾಡಿಸಿದೆ.
ಗೊತ್ತಿತ್ತು ಅಂತ ಹೇಳಲಿಲ್ಲ.

ನನ್ನಪ್ಪ ಕಲ್ಲೊಡೆಯುವವನು.
ಬಂಡೆಯ ಬೆನ್ನಿಗೆ ಹನ್ನೆರಡು ತೂತು, ಒಂದೇ ಗೆರೆಯಲ್ಲಿ,
ತೂತಿಗೊಂದು ಬೆಣೆ.
ಈ ತುದಿಯಿಂದ ಆ ತುದಿಗೆ ಒಂದೊಂದೇ ಪೆಟ್ಟು,
ಜೋರಿನದಲ್ಲ, ಮಗುವನ್ನು ತಟ್ಟಿ ಎಬ್ಬಿಸಿದಷ್ಟು.
ಮತ್ತೆ ಈ ತುದಿಗೆ. ಮತ್ತೆ.
ಟಣ್ ಟಣ್ ಅನ್ನುತ್ತಿದ್ದದ್ದು
ಯಾವುದೋ ಸುತ್ತಿನಲ್ಲಿ ಗಂಟಲು ಕಟ್ಟಿದಂತಾಗುತ್ತಿತ್ತು.
ಆಗ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದ.
"ಅಪ್ಪಾ, ಒಡೀಲಿಲ್ಲಲ್ಲ?"
"ನಂದು ಆತು. ಇನ್ನ ಅದರದು."

ಕೆಲವೊಮ್ಮೆ ಬೀಡಿ ಮುಗಿಯುವುದರೊಳಗೆ,
ಕೆಲವೊಮ್ಮೆ ಮರುದಿನ ನಸುಕಿಗೆ, ಯಾರೂ ಮುಟ್ಟದೆ,
ಚರ್ರ್ ಅಂದು ಬಾಯಿ ಬಿಡುತ್ತಿತ್ತು ಬಂಡೆ.
ಯಾವ ಪೆಟ್ಟಿಗೆ ಒಡೆಯಿತು ಅಂತ ಕೇಳಿದ್ದೆ.
ನಕ್ಕ. "ಯಾವ ತುತ್ತಿಗೆ ಹೊಟ್ಟಿ ತುಂಬ್ತು,
ಹೇಳಾಕ ಬರ್ತದೇನು?"

ಒಂದೇ ಗೋಡೆ, ಆಚೆ ನೆಗೆಣ್ಣಿ ಸಕ್ರೆವ್ವ.
ಮಾತು ಬಿಟ್ಟು ಹದಿನಾಲ್ಕು ವರ್ಷ.
ಮೊದಲು ಒಂದು ತಾಮ್ರದ ಹಂಡೆ. ಆಮೇಲೆ ಬಚ್ಚಲ ನೀರು.
ನನ್ನ ಮಗಳ ಕುಬಸಕ್ಕೆ ಆಕೆ ತಂದ ಹಸಿರು ಸೀರೆಯ ದರ
ನಾನು ಯಾರ ಮುಂದೋ ಆಡಿದ್ದು.
ಯಾವುದೂ ಜೋರಿನ ಪೆಟ್ಟಲ್ಲ.

ಮಳೆ ಜಡಿದು ನಿಂತ ವಾರ, ಸರಿರಾತ್ರಿಗೆ ಹತ್ತು ನಿಮಿಷ ಕಡಿಮೆ.
ಗುಡುಗಲ್ಲ, ಲಾರಿಯಲ್ಲ;
ಸದ್ದು ಪಾದದಿಂದ ಮೇಲಕ್ಕೆ ಬಂತು.
ಮಾಡದಲ್ಲಿಟ್ಟ ಕಟಕ ರೊಟ್ಟಿ ಜಾರಿ ನುಚ್ಚಾದವು,
ಗಂಗಾಳ ತಾನಾಗಿ ಸುತ್ತಿ, ಸುತ್ತಿ, ಮಲಗಿತು.
ಓಣಿಯೆಲ್ಲ ಹೊರಗೆ. ಕಿಲ್ಲಾರಿಯ ವರ್ಷ ನೆನೆದು
ಮುದುಕರು ಗೋಡೆಯಿಂದ ದೂರ ಸರಿದರು.
ತಲೆ ಬಿಚ್ಚಿಕೊಂಡೇ ಬಂದಿದ್ದಳು ಸಕ್ರೆವ್ವ.
ಪಕ್ಕದಲ್ಲೇ ನಿಂತಳು, ಕತ್ತಲೆಗೆ ಕೇಳಿದಳು:
"ಹಂಚು ಬಿದ್ದಾವೇನು?"
"ಇಲ್ಲ," ಅಂದೆ.
ಅಷ್ಟೇ. ಒಳಗೆ ಹೋದಳು.

ಮೂರು ಚಿಲ್ಲರೆ ಇತ್ತಂತೆ. ಇನಾಸ ಡಬ್ಬಿ ಬಿಚ್ಚಿ ನೋಡಿದ.
"ಹಂಗಾರ ಒಳಗಿಂದೆಲ್ಲ ಖಾಲಿ ಆತಲ್ಲ?"
"ಎಲ್ಲಿಂದ ಅಕ್ಕಾ! ಮೂರರವು ಸಾವಿರ ಆಗಬೇಕು,
ಐದರದು ಒಂದಕ್ಕ ಸಮ ಆಗಾಕ."
"ದೊಡ್ಡದು ಯಾವಾಗ?"
"ಆಗಿದ್ದನ್ನ ಬರೀತದ ಇದು," ಡಬ್ಬಿಯ ತಲೆ ಸವರಿದ,
"ಆಗೂದನ್ನ ಅಲ್ಲ."

ಅಂದಿನಿಂದ ಎಣಿಸುತ್ತಿದ್ದೇನೆ.
ಆಕೆಯದೊಂದು, ನನ್ನದೊಂದು.
ಉಳಿದವು ಒಂಬೈನೂರ ತೊಂಬತ್ತೆಂಟು.

ಇವತ್ತು ಮಧ್ಯಾಹ್ನ ಗೋಡೆಯಾಚೆ ಒಳ್ಳಿನ ಸದ್ದು,
ಬ್ಯಾಡಗಿಯ ಘಾಟು. ಸದ್ದು ನಿಂತಾಗ ಕೂಗಿದೆ,
"ಖಾರ ಕುಟ್ಟಾಕತ್ತೀಯೇನ?"
ಉತ್ತರ ಬರಲಿಲ್ಲ.
ಸೀನು ಬಂತು, ಆ ಕಡೆಯಿಂದ.
ತಡೆದು ನೋಡಿದೆ. ಈ ಕಡೆಯೂ ಬಂತು.
ಎರಡನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ,
ಡಬ್ಬಿ ಹಿಡಿದಿರಲಿ ಬಿಡಲಿ.